ಕೂಸಿನ ಮುಖ ನೋಡದೆ ಕೊಟ್ಟ ಔಷಧ

ಕೆಲಸಕ್ಕೆ ಸೇರಿದ ಮೊದಲ ವರ್ಷ ನಾನು ಎಷ್ಟೋ ಹಸುಗೂಸುಗಳಿಗೆ ಔಷಧ ಕೊಟ್ಟೆ. ಒಂದರ ಮುಖವನ್ನೂ ನೋಡಲಿಲ್ಲ. ಇದನ್ನು ಓದಿ ಈಗಿನವರು ನಗುತ್ತಾರೆ, ನಗಲಿ. ಆದರೆ ದವಾಖಾನೆಯ ಕೆಲಸಕ್ಕೆ ಹೊಸದಾಗಿ ಸೇರುವ ಹುಡುಗ ಹುಡುಗಿಯರು ನಕ್ಕ ಮೇಲೆ ಪೂರ್ತಿ ಓದಬೇಕು. ಹಾಗೆ ಮುಖ ನೋಡದೆ ಆಡಿದ ಒಂದು ಮಾತಿನಿಂದ ಒಂದು ಕೂಸಿಗೆ ತಾಯಿಯ ಹಾಲು ತಪ್ಪಿಸಿದವನು ನಾನು. ಆ ಹಾಲು ಅದಕ್ಕೆ ಮತ್ತೆ ಸಿಕ್ಕಿತೋ ಇಲ್ಲವೋ ಎಂಬುದನ್ನು ಹೇಳುವುದಕ್ಕೇ ಇಷ್ಟೆಲ್ಲ ಬರೆಯಲು ಕೂತಿದ್ದೇನೆ. ಬಡ್ತಿ, ಬೀಳ್ಕೊಡುಗೆ, ಕೊರಳಿಗೆ ಹಾಕಿದ ಹಾರ ಇವೆಲ್ಲ ನನಗೂ ಆಗಿವೆ, ಅವುಗಳಿಂದ ಯಾರೂ ಕಲಿಯುವಂಥದ್ದು ಏನಿಲ್ಲ.

ಪೊಲೀಸ್ ಆ್ಯಕ್ಷನ್ ಆಗಿ ನಿಜಾಮನ ಆಳಿಕೆ ಹೋದ ಮೇಲೆ ನಮ್ಮ ಸೀಮೆಯ ದವಾಖಾನೆಗಳಿಗೆ ಹೊಸ ಮಂದಿಯನ್ನು ತೆಗೆದುಕೊಂಡರು. ನಾನು ದಾಳಿಂಬ ಎಂಬ ಊರಿನ ಒಕ್ಕಲುತನದ ಮನೆಯವನು. ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ಮರಾಠಿ, ಶಾಲೆಯಲ್ಲಿ ಉರ್ದು. "ನಮ್ಮ ಹುಡಗಾ ಮೂರು ಭಾಷಾದಾಗ ಸುಳ್ಳು ಹೇಳ್ತಾನ್ ನೋಡ್ರಿ" ಎಂದು ನಮ್ಮಪ್ಪ ಊರವರ ಮುಂದೆ ಹೊಗಳುತ್ತಿದ್ದ. ಹೊಲದ ಕೆಲಸ ನನ್ನಿಂದ ಆಗುವುದು ಅಷ್ಟರಲ್ಲೇ ಇತ್ತು. ಅಣ್ಣಂದಿರು ಜೋಳ ಬಿತ್ತಲಿ, ಇವನು ಬಾಟಲಿ ತುಂಬಲಿ ಎಂದು ಮನೆಯವರು ಒಪ್ಪಿದರು. ಔಷಧ ಅರೆಯುವುದು, ಅಳೆಯುವುದು, ಬೆರೆಸುವುದು ಕಲಿತು ಉಮರ್ಗಾದ ಸರಕಾರಿ ದವಾಖಾನೆಗೆ ಕಂಪೌಂಡರ್ ಆಗಿ ಬಂದೆ.

ಅಲ್ಲಿ ನನ್ನ ಜಾಗ ಒಂದು ಕಿಂಡಿಯ ಹಿಂದೆ. ಡಾಕ್ಟರು ಚೀಟಿ ಬರೆದರೆ ಆ ಕಿಂಡಿಯಿಂದ ನಾನು ಔಷಧ ಕೊಡಬೇಕು. ದೊಡ್ಡವರು ಡಾಕ್ಟರ ಕೋಣೆಗೆ ಹೋಗಿಯೇ ಬರುತ್ತಿದ್ದರು. ಕೂಸಿನ ಕಾಯಿಲೆ ಹೊತ್ತು ತಂದವರು ಮಾತ್ರ ನೇರವಾಗಿ ನನ್ನ ಕಿಂಡಿಗೆ ಬರುತ್ತಿದ್ದರು. ಬರುವವಳು ಅಜ್ಜಿ. ಕೂಸೂ ಇಲ್ಲ, ಕೂಸಿನ ತಾಯಿಯೂ ಇಲ್ಲ. ಅಜ್ಜಿಯ ಸೆರಗಿನ ಗಂಟಿನಲ್ಲಿ, ಮುತ್ತುಗದ ಎಲೆಯಲ್ಲಿ ಸುತ್ತಿದ ಒಂದು ಅರಿವೆಯ ತುಂಡು. ಅದು ಕೂಸಿನ ಹೊಲಸು ಅರಿವೆ. ಅದನ್ನು ಬಿಚ್ಚಿ ನನ್ನ ಮೂಗಿನ ಕೆಳಗೆ ಹಿಡಿದು, "ನೋಡ್ರಿ, ಯಾನ್ ಆಗ್ಯಾದ ಹೇಳ್ರಿ" ಎನ್ನುತ್ತಿದ್ದಳು.

ಹೊರಗಿನವರಿಗೆ ಇದು ತಿಳಿಯಲಿಕ್ಕಿಲ್ಲ. ನಮ್ಮ ಶಿವಭಕ್ತರ ಮನೆಗಳಲ್ಲಿ ಹೆರಿಗೆಗೆ ಸೂತಕ ಹಿಡಿಯುವುದಿಲ್ಲ. ಕೂಸು ಹುಟ್ಟಿದ ಮನೆಗೆ ಅಯ್ಯನವರು ಬಂದು ಹಣೆಗೆ ವಿಭೂತಿ ಹಚ್ಚಿ ಲಿಂಗ ಕಟ್ಟಿ ಹೋಗುತ್ತಾರೆ. ಮೈಲಿಗೆ ಇಲ್ಲ ನಿಜ, ಆದರೆ ಗಾಳಿಯ ಅಂಜಿಕೆ ಇದೆ, ದೃಷ್ಟಿಯ ಅಂಜಿಕೆ ಇದೆ. ಅದಕ್ಕಾಗಿ ತಿಂಗಳುಗಟ್ಟಲೆ ಬಾಣಂತಿ, ಕೂಸು ಕೋಣೆ ಬಿಟ್ಟು ಹೊರಗೆ ಬರುವುದಿಲ್ಲ. ಕೂಸು ಬರಲಾರದು, ಪರಗಂಡಸು ಒಳಗೆ ಹೋಗಲಾಗದು. ಹೀಗಾಗಿ ನಡುವೆ ಅರಿವೆ ಓಡಾಡುತ್ತಿತ್ತು.

ಅರಿವೆಯಲ್ಲಿ ಕಾಣದ ಕಾಯಿಲೆಯನ್ನು ಅಜ್ಜಿಯರು ಅಭಿನಯಿಸಿ ತೋರಿಸುತ್ತಿದ್ದರು. ಒಂದು ದಿನ ಒಬ್ಬ ಮುದುಕಿ ಕಿಂಡಿಗೆ ಬಾಯಿ ಕೊಟ್ಟು, "ಹಿಂಗ್ ಅಳ್ತದ್ರಿ" ಎಂದು ಕಣ್ಣು ಮುಚ್ಚಿ, ಮುಷ್ಟಿ ಬಿಗಿದು, ಒಂದು ಕಾಲು ಎತ್ತಿ ಎಂಥ ಅಳು ಅತ್ತಳೆಂದರೆ ಸಾಲಿನಲ್ಲಿದ್ದ ಮಂದಿ ಹಿಂದೆ ಸರಿದರು. ನಮ್ಮ ಡಾಕ್ಟರ್ ಸಾಹೇಬರು ಕೋಣೆಯಿಂದ ಓಡಿ ಬಂದರು. ಅವರು ಹೈದರಾಬಾದಿನವರು, ಮುಪ್ಪಿನವರು, ಮಾತು ಬಹಳ ಕಡಿಮೆ. "ಕಹಾಂ ಹೈ ಬಚ್ಚಾ?" ಎಂದು ಸುತ್ತಲೂ ಹುಡುಕಿದರು. ಮುದುಕಿ ಸೆರಗು ಸರಿಮಾಡಿಕೊಂಡು, "ನಾನಽ ರೀ ಸಾಬ್" ಎಂದಳು.

ಸಾಹೇಬರು ನಗಲಿಲ್ಲ. ಆಕೆಯನ್ನು ಮೂರೇ ಮಾತು ಕೇಳಿದರು. "ಪೀತಾ? ಮೂತ್ತಾ? ರೋತಾ?" ಕುಡಿಯುತ್ತದೆಯೇ, ಉಚ್ಚೆ ಹೊಯ್ಯುತ್ತದೆಯೇ, ಅಳುತ್ತದೆಯೇ. ಮೂರಕ್ಕೂ ಮುದುಕಿ ಹೌದೆಂದಳು. ಎಷ್ಟು ಹೊತ್ತಿಗೆ ಅಳುತ್ತದೆ ಎಂದು ಕೇಳಿದರೆ ದೀಪ ಹಚ್ಚುವ ಹೊತ್ತಿಗೆ, ದಿನಾ ಅದೇ ಹೊತ್ತಿಗೆ ಎಂದಳು. "ತಂದುರುಸ್ತ್ ಹೈ", ಕೂಸು ಗಟ್ಟಿಯಾಗಿದೆ ಎಂದು ಸಾಹೇಬರು ಒಳಗೆ ಹೊರಟರು. ನಾನು ಹಿಂದೆ ಹೋಗಿ, ಏನು ಔಷಧ ಕೊಡಲಿ ಎಂದು ಕೇಳಿದೆ. ಸಂಜೆಯ ಅಳು ಮೂರು ತಿಂಗಳಿಗೆ ತಾನೇ ಹೋಗುತ್ತದೆ, ಕುಡಿಸಿದ ಮೇಲೆ ಕೂಸನ್ನು ಹೆಗಲ ಮೇಲೆ ಹಾಕಿ ಬೆನ್ನು ಸವರಲಿ, ಮುಂಗೈ ಮೇಲೆ ಬೋರಲು ಮಲಗಿಸಿಕೊಂಡು ಅಂಗಳದಲ್ಲಿ ಅಡ್ಡಾಡಲಿ ಎಂದರು. ಔಷಧವೇ ಇಲ್ಲದೆ ಮುದುಕಿ ಹೋಗುವುದಿಲ್ಲ ಎಂದೆ. "ತೋ ದಾದೀ ಕೋ ದೋ" ಎಂದರು. ಹಾಗಾದರೆ ಅಜ್ಜಿಗೆ ಕೊಡು.

ಅವರು ತಮಾಷೆ ಮಾಡಿದರೋ ನಿಜ ಹೇಳಿದರೋ ನನಗೆ ಇಂದಿಗೂ ಗೊತ್ತಿಲ್ಲ. ನಾನಂತೂ ಪುದೀನ ಹಾಕಿದ ಸಿಹಿ ನೀರನ್ನು ಬಾಟಲಿಗೆ ತುಂಬಿ, "ಇದು ಕೂಸಿಗಲ್ಲ, ನಿಮಗ. ಅದು ಅತ್ತಾಗ ಒಂದು ಚಮಚಾ ನೀವು ಕುಡೀರಿ" ಎಂದು ಕೊಟ್ಟೆ. ಮುದುಕಿ ಎಂಟು ದಿನ ಬಿಟ್ಟು ಬಂದು, ಅಳು ಅರ್ಧ ಇಳಿದಿದೆ, ಇನ್ನೊಂದು ಬಾಟಲಿ ಬೇಕು ಎಂದಳು. ಅಳು ಇಳಿದಿತ್ತೋ, ಮುದುಕಿಯ ಎದೆಬಡಿತ ಇಳಿದಿತ್ತೋ, ಒಟ್ಟು ಆ ಮನೆ ಶಾಂತವಾಯಿತು.

ಆ ಸಾಹೇಬರ ಕೈಕೆಳಗೆ ನಾನು ಕಲಿತದ್ದರಲ್ಲಿ ಹೆಚ್ಚಿನದು ಏನು ಮಾಡಬಾರದು ಎಂಬುದೇ. ಒಮ್ಮೆ ಒಬ್ಬಳು ತಂದ ಅರಿವೆಯ ಮೇಲೆ ಇಟ್ಟಂಗಿಯ ಪುಡಿ ಚೆಲ್ಲಿದಂತೆ ಕೆಂಪು ಕಲೆ. ನಾನು ರಕ್ತ ರಕ್ತ ಎಂದು ಕೂಗುತ್ತ ಸಾಹೇಬರ ಕೋಣೆಗೆ ನುಗ್ಗಿದೆ. ಅಜ್ಜಿ ಅಲ್ಲೇ ನೆಲಕ್ಕೆ ಕೂತಳು. ಸಾಹೇಬರು ಅರಿವೆ ನೋಡಿ, ಕೂಸು ಹುಟ್ಟಿ ಎಷ್ಟು ದಿನ ಎಂದರು. ಮೂರು ದಿನ. ಹಾಲು ಕುಡಿಸಿದ್ದಾರೆಯೇ? ಇಲ್ಲ, ಮೊದಲ ಹಾಲು ಹಿಂಡಿ ಚೆಲ್ಲುವುದು ಅವರ ಮನೆಯ ಪದ್ಧತಿ, ಬೆಲ್ಲದ ನೀರು ಹಾಕುತ್ತಿದ್ದಾರೆ. "ರಕ್ತ ಅಲ್ಲ, ಹಸಿವು" ಎಂದರು ಸಾಹೇಬರು. ಆ ಕೂಸಿನ ಉಚ್ಚೆ ಗಟ್ಟಿಯಾಗಿ ಕಲೆ ಬಿದ್ದಿತ್ತು. ತಾಯಿಯ ಮೊದಲ ಹಾಲನ್ನೇ ಕುಡಿಸಿದ ಮೇಲೆ ಮರುದಿನದ ಅರಿವೆ ಬೆಳ್ಳಗೆ ಬಂತು. ಸಾಹೇಬರು ನನ್ನನ್ನು ಬೈದದ್ದು ಅರಿವೆ ಓದಲು ಬಾರದ್ದಕ್ಕಲ್ಲ, ಮಂದಿಯ ಮುಂದೆ ಕೂಗಿದ್ದಕ್ಕೆ. ನಿನ್ನ ಬಾಯಿಂದ ಬಿದ್ದದ್ದು ಅವರ ಮನೆಯಲ್ಲಿ ಬೇರು ಬಿಡುತ್ತದೆ ಎಂದರು. ಆಗ ಹೂಂ ಅಂದೆ. ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಟ್ಟೆ.

ಹುಟ್ಟಿದ ಕೂಸಿನ ಎದೆ ಕೆಲವೊಮ್ಮೆ ಬಾತು, ಒಂದೆರಡು ಹನಿ ಹಾಲಿನಂಥದ್ದು ಬರುತ್ತದೆ. ಗಂಡು ಕೂಸಿಗೂ ಬರುತ್ತದೆ. ಅದನ್ನು ಹಿಂಡಿ ತೆಗೆಯುವ ಕೈಗಳು ನಮ್ಮಲ್ಲಿ ಬಹಳ. ಹಿಂಡಿದರೆ ಕೀವಾಗುತ್ತದೆ, ಬಿಟ್ಟರೆ ತಾನೇ ಇಂಗುತ್ತದೆ. ಬೇಸಗೆಯಲ್ಲಿ ಮೈತುಂಬ ಬೆವರುಸಾಲೆ ಎಂದು ಬಂದ ಅಜ್ಜಿಯನ್ನು ಕೂಸಿಗೆ ಏನೇನು ಹೊದಿಸಿದ್ದೀರಿ ಎಂದು ಕೇಳಿದರೆ ಒಂದು ಕುಂಚಿಗೆ, ಅದರ ಮೇಲೆ ಒಂದು ಶಾಲು, ಮೇಲೊಂದು ಕೌದಿ ಎನ್ನುತ್ತಿದ್ದಳು. "ಅದೇ ಕೌದಿ ಹೊದ್ದು ನೀವು ಒಂದು ತಾಸು ಬಿಸಲಾಗ ಕುಂದ್ರತೀರೇನ್ರಿ?" ಎಂದು ಕೇಳಿದರೆ ಸಾಕು, ಔಷಧ ಬೇಕಾಗುತ್ತಿರಲಿಲ್ಲ. ತಲೆಯ ಮೇಲೆ ಕಟ್ಟಿದ ಹಕ್ಕಳೆಗೆ ಎಣ್ಣೆ ಹಚ್ಚಿ ನೆನೆಸಿ ತೊಳೆಯಿರಿ, ಉಗುರಿನಿಂದ ಕೆರೆಯಬೇಡಿ ಎನ್ನುತ್ತಿದ್ದೆ. ಬಿಕ್ಕಳಿಕೆಗೆ ಸೆರಗಿನ ಎಳೆ ಹರಿದು ಎಂಜಲು ಹಚ್ಚಿ ಕೂಸಿನ ಹಣೆಗೆ ಅಂಟಿಸುತ್ತಾರಲ್ಲ, ಅದನ್ನು ಮಾತ್ರ ನಾನು ಎಂದೂ ಬೇಡ ಎನ್ನಲಿಲ್ಲ. ಎಳೆ ಅಂಟಿಸಿ ಕಾಯುವಷ್ಟರಲ್ಲಿ ಬಿಕ್ಕಳಿಕೆ ನಿಲ್ಲುತ್ತದೆ, ಯಾರಿಗೂ ಕೇಡಿಲ್ಲ.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಎಲ್ಲವೂ ತಾನೇ ಹೋಗುವ ಕಾಯಿಲೆಯಲ್ಲ. ಕೂಸು ಮೊಲೆ ಹಿಡಿಯದಿದ್ದರೆ, ಅರಿವೆ ಒಣಗಿಯೇ ಇದ್ದರೆ, ಮೈ ಸುಡುತ್ತಿದ್ದರೆ, ಎತ್ತಿದರೆ ಅರಿವೆಯಂತೆ ಜೋತುಬಿದ್ದರೆ ಒಂದು ಗಳಿಗೆ ತಡ ಮಾಡಬಾರದು. ಸಾಹೇಬರ ಮೂರು ಪ್ರಶ್ನೆ ಇದ್ದದ್ದೇ ಅದಕ್ಕೆ. ಆ ಪ್ರಶ್ನೆಗಳಿಗೆ ಇಲ್ಲ ಎಂಬ ಉತ್ತರ ಬಂದರೆ ಆ ಮುಪ್ಪಿನ ಮನುಷ್ಯ ಬಿಸಿಲಲ್ಲಿ ಬರಿಗಾಲಲ್ಲಿ ಹೊರಟು ಕೂಸಿನ ಮನೆಗೆ ತಾವೇ ಹೋಗುತ್ತಿದ್ದರು. ಬಾಗಿಲಲ್ಲಿ ಪರದೆ ಕಟ್ಟಿಸಿ, ಕೂಸನ್ನು ಪರದೆಯ ಕೆಳಗಿನಿಂದ ಕೈಗೆ ಇಸಿದುಕೊಂಡು ನೋಡುತ್ತಿದ್ದರು. ನಾನು ಪೆಟ್ಟಿಗೆ ಹಿಡಿದು ಹಿಂದೆ ನಿಂತಿರುತ್ತಿದ್ದೆ. ಅದನ್ನು ನೋಡಿಯೂ ನನಗೆ ಬುದ್ಧಿ ಬರಲಿಲ್ಲ ಎನ್ನುವುದೇ ನಾಚಿಕೆಯ ಸಂಗತಿ.

ಆಮೇಲೆ ನನ್ನನ್ನು ಉದಗೀರದ ಕಡೆಗೆ ಹಾಕಿದರು. ನಾನು ಅಲ್ಲಿರುವಾಗಲೇ ಭಾಷೆಯ ಮೇಲೆ ರಾಜ್ಯಗಳನ್ನು ಹಂಚಿದರು, ಬೀದರದ ಜತೆ ಇದ್ದ ಉದಗೀರ, ನಿಲಂಗಾ ಮುಂಬಯಿಗೆ ಸೇರಿದವು. ಕಾಯಿಲೆಯ ವಹಿ ಅಲ್ಲಿಯವರೆಗೆ ಉರ್ದುವಿನಲ್ಲಿತ್ತು, ಬಲದಿಂದ ಎಡಕ್ಕೆ ಬರೆಯುತ್ತಿದ್ದೆ. ಒಮ್ಮೆಲೇ ಮರಾಠಿಯಲ್ಲಿ ಎಡದಿಂದ ಬಲಕ್ಕೆ ಬರೆಯಬೇಕಾಯಿತು. ಮೊದಲ ವಾರ ಅಭ್ಯಾಸದಿಂದ ವಹಿಯನ್ನು ಹಿಂದಿನಿಂದ ತೆರೆದು ಬರೆದುಬಿಟ್ಟೆ, ತಪಾಸಣೆಗೆ ಬಂದವರು ಅದನ್ನು ಎಲ್ಲಿಂದ ಓದಬೇಕೆಂದು ತಿಳಿಯದೆ ಸುತ್ತ ತಿರುಗಿಸಿ ತಿರುಗಿಸಿ ನೋಡಿದರು. ಹೊಸ ಮೇಲಧಿಕಾರಿ ಚಟುವಟಿಕೆಯ ಮನುಷ್ಯ, ಕೆಟ್ಟವನಲ್ಲ. ಆದರೆ ರೋಗದ ಹೆಸರಿಲ್ಲದೆ ಬಾಟಲಿ ಹೊರಗೆ ಹೋಗಬಾರದು ಎಂದು ಅವನ ಹುಕುಂ. ಸಂಜೆ ಅಳುವ ಕೂಸಿಗೆ, ಹಾಲು ಕಕ್ಕುವ ಕೂಸಿಗೆ, ದೃಷ್ಟಿಯಾದ ಕೂಸಿಗೆ ನಾನು ಯಾವ ಹೆಸರು ಬರೆಯಲಿ? ಎಲ್ಲಕ್ಕೂ 'ಅಪಚನ' ಎಂದು ಬರೆಯತೊಡಗಿದೆ. ಹಾಲು ಜೀರ್ಣವಾಗುತ್ತಿಲ್ಲ ಎಂದು ಅರ್ಥ. ಬರೆಯಲು ಚಿಕ್ಕದು, ಕೇಳಲು ಗಟ್ಟಿ. ಬರೆದು ಬರೆದು ಅದೇ ಮಾತು ಕೈಯಿಂದ ಬಾಯಿಗೆ ಬಂತು. ಏನೂ ಇಲ್ಲದ ಕೂಸಿಗೂ ಏನೋ ಇದೆ ಎಂದು ಹೇಳುವ ಚಟ ನನಗೆ ಅಲ್ಲಿ ಅಂಟಿತು.

ಆ ಚಟವನ್ನು ಹೊತ್ತುಕೊಂಡು ಕಾಸಾರಶಿರಸಿ ಸೀಮೆಯ ಒಂದು ಸಂತೆಯ ಊರಿಗೆ ಬಂದೆ. ಊರಿನ ಹೆಸರು ಹೇಳುವುದಿಲ್ಲ, ಮನೆಯವರ ಹೆಸರನ್ನೂ ಬದಲಿಸಿದ್ದೇನೆ. ಬಾಡಿಗೆಯ ಒಂದು ಕೋಣೆ, ಅದಕ್ಕೊಂದು ಕಿಂಡಿ. ಡಾಕ್ಟರು ವಾರಕ್ಕೊಮ್ಮೆ ನಿಲಂಗಾದಿಂದ ಬರುವವರು, ಉಳಿದ ದಿನ ನಾನೇ ಎಲ್ಲ. ಊರವರು ನನ್ನನ್ನು ಡಾಕ್ಟರ್ ಎಂದೇ ಕರೆಯುತ್ತಿದ್ದರು. ಬೇಡ ಎಂದು ನಾನು ಒಂದೆರಡು ಸಲ ಹೇಳಿ ಆಮೇಲೆ ಸುಮ್ಮನಾದೆ.

ಒಂದು ಸಂತೆಯ ದಿನ ಕಿಂಡಿಯ ಮುಂದೆ ಜಾತ್ರೆಯಷ್ಟು ಮಂದಿ. ಕಾಳಿನ ವ್ಯಾಪಾರದ ದೊಡ್ಡ ಮನೆಯ ಯಜಮಾನಿ ಗುರಬಾಯಿ ಬಂದಳು. ಐವತ್ತರ ಹೆಂಗಸು, ಹಣೆತುಂಬ ವಿಭೂತಿ, ಕಡ್ಡಿ ಮುರಿದಂಥ ಮಾತು. ಆಕೆಯ ಸೊಸೆ ಸುಗಲಾ ಹೆಣ್ಣು ಕೂಸು ಹೆತ್ತು ತಿಂಗಳಾಗಿತ್ತು. ಸುಗಲಾಗೆ ತವರಿನಲ್ಲಿ ತಾಯಿಯಿಲ್ಲ, ಅದಕ್ಕೆ ಬಾಣಂತನವನ್ನು ಅತ್ತೆಯೇ ಮಾಡುತ್ತಿದ್ದಳು. ಗುರಬಾಯಿ ಎಲೆ ಬಿಚ್ಚಿದಳು. ಅರಿವೆ ಹಸಿರಾಗಿತ್ತು.

"ಎರಡ ದಿನಾ ಆಯ್ತ್ರಿ, ಹಿಂಗ ಹಸರ ಹೊಂಟದ. ಕುಡದದ್ದು ಕಕ್ತದ" ಎಂದಳು.

ಹಿಂದೆ ಮಂದಿ ನೂಕುತ್ತಿದ್ದರು. ನಾನು ಕೂಸಿನ ಬಗ್ಗೆ ಒಂದು ಪ್ರಶ್ನೆಯನ್ನೂ ಕೇಳದೆ, ವಹಿಯಲ್ಲಿ ಅಪಚನ ಎಂದು ಬರೆಯುತ್ತ, "ಹಾಲು ಕೆಟ್ಟಾದ್ರಿ, ಕೂಸಿಗಿ ಪಚನ ಆಗ್ಲತ್ತಿಲ್ಲ" ಎಂದೆ. ಬಾಟಲಿ ಕೊಟ್ಟೆ. ಮುಂದಿನವರನ್ನು ಕರೆದೆ. ಅಷ್ಟೇ ಆದದ್ದು.

ಚೆನ್ನಾಗಿ ಕುಡಿದು, ಚೆನ್ನಾಗಿ ಉಚ್ಚೆ ಹೊಯ್ದು, ತೂಕ ಏರುತ್ತಿರುವ ಕೂಸು ಒಂದೆರಡು ದಿನ ಹಸಿರು ಮಾಡಿದರೆ ಅದು ರೋಗವೇ ಅಲ್ಲ. ಕುಡಿದ ಮೇಲೆ ಒಂದಿಷ್ಟು ಕಕ್ಕಿದರೂ ರೋಗವಲ್ಲ, ತುಂಬಿದ ಕೊಡ ತುಳುಕಿದಂತೆ. ಇದು ನನಗೆ ಗೊತ್ತಿತ್ತು, ಗೊತ್ತಿದ್ದೂ ಹಾಗೆ ಹೇಳಿದೆ.

ಐದು ದಿನ ಬಿಟ್ಟು ನನ್ನ ಹೆಂಡತಿ ಮಹಾದೇವಿ ಬಾವಿಯಿಂದ ಬಂದವಳು ಕೊಡ ಇಳಿಸದೆಯೇ ನಿಂತಳು.

"ಗುರಬಾಯಿ ಸೊಸಿ ಹಾಲು ಬಂದ್ ಮಾಡ್ಯಾರಂತ. ಕಂಪೌಂಡರ್ ಸಾಬ್ರು ಹಾಲು ಕೆಟ್ಟದ ಅಂದಾರಂತ. ನೀವು ಕೂಸಿನ ಮಾರಿ ನೋಡೀರಿ?"

"ಅರಿವಿ ನೋಡೀನಿ" ಎಂದೆ.

"ಅರಿವಿಗಿ ಹಾಲು ಕುಡಿಸ್ತಾರೇನ್ರಿ?"

ಆಮೇಲೆ ಆಕೆ ಉಳಿದದ್ದನ್ನು ಹೇಳಿದಳು. ಸುಗಲಾಳ ಮೊದಲ ಕೂಸು, ಗಂಡು, ಮೂರನೆಯ ತಿಂಗಳಲ್ಲಿ ಹೋಗಿತ್ತು. ಯಾಕೆ ಹೋಯಿತೆಂದು ಯಾರಿಗೂ ತಿಳಿದಿರಲಿಲ್ಲ. ಅಂದಿನಿಂದ ಗುರಬಾಯಿಯ ಹೊಟ್ಟೆಯಲ್ಲಿ ಹೆದರಿಕೆ ಕೂತಿತ್ತು. ನನ್ನ ಮಾತು ಕೇಳಿ ಮನೆಗೆ ಹೋದವಳೇ ಇರುವೆಯ ಪರೀಕ್ಷೆ ಮಾಡಿದಳು. ಕೆಲವು ಮನೆಗಳಲ್ಲಿ ಅದು ಹಳೆಯ ಪದ್ಧತಿ. ಬಾಣಂತಿಯ ಹಾಲನ್ನು ತಾಟಿಗೆ ಹಿಂಡಿ ಒಂದು ಇರುವೆಯನ್ನು ಬಿಡುವುದು. ಇರುವೆ ಬದುಕಿ ಹೊರಗೆ ಬಂದರೆ ಹಾಲು ಒಳ್ಳೆಯದು, ಸತ್ತರೆ ವಿಷ. ಇರುವೆ ಸತ್ತಿತ್ತು. ಸರಕಾರದ ಮನುಷ್ಯ ಹೇಳಿದ್ದಾನೆ, ಇರುವೆಯೂ ಹೇಳಿದೆ, ಇನ್ನೇನು ಉಳಿಯಿತು? ಮೊದಲ ಕೂಸನ್ನೂ ಇದೇ ಹಾಲು ತಿಂದಿತು ಎಂದು ನಾಲ್ಕು ಮಂದಿಯ ಮುಂದೆ ಅಂದುಬಿಟ್ಟಳು. ಕೂಸಿಗೆ ಆಕಳ ಹಾಲಿಗೆ ನೀರು ಬೆರೆಸಿ ಹಾಕುತ್ತಿದ್ದರು. ಸೊಸೆಯ ಎದೆಗೆ ಬಟ್ಟೆ ಬಿಗಿದಿದ್ದರು.

ಒಂದು ಮಾತಿನಲ್ಲಿ ಎಷ್ಟು ಆಯಿತು ನೋಡಿ. ಬಿಗಿದ ಎದೆಯ ಹಾಲು ದಿನದಿನಕ್ಕೆ ಬತ್ತುತ್ತದೆ. ಇನ್ನು ಕೆಲವು ದಿನ ಹೋದರೆ ನಾನು ಹೋಗಿ ಕಾಲಿಗೆ ಬಿದ್ದರೂ ಹಾಲು ಮರಳಿ ಬರುವುದು ಕಷ್ಟ. ಅದಕ್ಕಿಂತ ಹೆಚ್ಚಾಗಿ, ಸತ್ತ ಮಗನನ್ನು ತಾನೇ ಕೊಂದೆ ಎಂದು ಆ ಹುಡುಗಿ ಜನ್ಮವಿಡೀ ನಂಬಿಕೊಂಡು ಬದುಕಬೇಕಿತ್ತು. ಇಷ್ಟು ತಿಳಿದೂ ನಾನು ಎರಡು ದಿನ ಹೋಗಲಿಲ್ಲ. ನಾನೇ ಹೇಳಿದ್ದು ನಾನೇ ತಪ್ಪು ಅಂದರೆ ನಾಳೆ ಕಿಂಡಿಗೆ ಯಾರು ಬಂದಾರು ಎಂಬ ಹಾಳು ಬಿಗುಮಾನ. ಎರಡನೆಯ ದಿನ ಸಂಜೆ ಮಹಾದೇವಿ ತಲೆಯ ಮೇಲೆ ಸೆರಗು ಹೊದ್ದು ಬಾಗಿಲಲ್ಲಿ ನಿಂತು, "ನೀವು ಬರ್ತೀರೋ, ನಾನಽ ಹೋಗಿ ನನ್ನ ಗಂಡ ಸುಳ್ಳು ಹೇಳ್ಯಾನ ಅನ್ಲೋ?" ಎಂದು ಕೇಳಿದಳು. ಎದ್ದು ಆಕೆಯ ಜತೆ ಗುರಬಾಯಿಯ ಮನೆಗೆ ಹೊರಟೆ.

ದೀಪ ಹಚ್ಚುವ ಹೊತ್ತು. ಪಡಸಾಲೆಯಲ್ಲಿ ಗುರಬಾಯಿಯ ಗಂಡ, ಆ ಮನೆಯ ಸಾವಕಾರರು ಒಬ್ಬರೇ ಕೂತಿದ್ದರು. ಗುರಬಾಯಿ ಒಳಗೆ ಲಿಂಗಪೂಜೆಗೆ ಕೂತಿದ್ದಳು. ಎಡಗೈಯಲ್ಲಿ ಇಷ್ಟಲಿಂಗ ಹಿಡಿದು ಅದನ್ನೇ ದಿಟ್ಟಿಸುತ್ತ ಕೂತವರು ಮುಗಿಯುವ ತನಕ ಮಾತಾಡುವುದಿಲ್ಲ, ಏಳುವುದಿಲ್ಲ. ನಾವು ಕಾದೆವು. ಸಾವಕಾರರು ಚಹಾ ತರಿಸಿದರು. ಅದು ಕುಡಿದಾಯಿತು. ಅಡಕೆ ಕೊಟ್ಟರು, ಅದೂ ಅಗಿದಾಯಿತು.

"ಈ ವಾರ ಪೂಜಿ ಭಾಳ ಹೊತ್ತು ಹಿಡೀಲತ್ತದ್ರಿ. ಮುಂಜಾನಿನೂ ಹಂಗಽ, ಸಂಜೀಕೂ ಹಂಗಽ. ಊಟಾ ಸೈತ ಆರಿ ಹೋಗ್ತದ" ಎಂದು ಸಾವಕಾರರು ಬೇಸರದಿಂದ ಹೇಳಿದರು.

ಕೊನೆಗೆ ಗುರಬಾಯಿ ಹೊರಗೆ ಬಂದಳು. ನಾನು ದಾರಿಯಲ್ಲಿ ಒಂದು ಉಪಾಯ ಹೂಡಿಕೊಂಡು ಬಂದಿದ್ದೆ. ಯಾವ ಹಾಲಿನಲ್ಲಿ ಹಾಕಿದರೂ ಇರುವೆ ಸಾಯುತ್ತದೆ ಎಂದು ತೋರಿಸಿದರೆ ಮುಗಿಯಿತು, ತಪ್ಪು ಇರುವೆಯ ಮೇಲೆ ಹೋಗುತ್ತದೆ, ನಾನು ಬಚಾವು. ನಿಮ್ಮ ಮನೆಯ ಎಮ್ಮೆಯ ಹಾಲು ತರಿಸಿರಿ ಎಂದೆ. ತಾಟಿಗೆ ಹಾಲು ಹಾಕಿ, ಕಂಬದ ಬುಡದಿಂದ ಒಂದು ಇರುವೆಯನ್ನು ಎತ್ತಿ ಎಲ್ಲರಿಗೂ ತೋರಿಸಿ ಬಿಟ್ಟೆ. ಆ ಇರುವೆ ಕೈಕಾಲು ಬಡಿಯಿತು, ಒಂದು ಸುತ್ತು ಹಾಕಿತು, ಈಸಿಕೊಂಡು ಅಂಚಿಗೆ ಬಂತು, ತಾಟು ಹತ್ತಿ, ಇಳಿದು, ಕಂಬದ ಕಡೆಗೆ ನಡೆದೇ ಹೋಯಿತು.

"ನೋಡಿದ್ರಿ? ನಮ್ಮ ಎಮ್ಮಿ ಹಾಲು ಅಂಥಾದ್ದದ್ರಿ" ಎಂದಳು ಗುರಬಾಯಿ.

ಮಹಾದೇವಿ ನನ್ನ ಕಡೆ ನೋಡಿದ ನೋಟ ನನಗೆ ಇಂದಿಗೂ ಕಣ್ಣಿಗೆ ಕಟ್ಟಿದೆ. ಆಕೆ ಬಾಣಂತಿ ಕೋಣೆಗೆ ಹೋಗಿ ಕೂಸನ್ನು ಎತ್ತಿಕೊಂಡು ಬಂದಳು. ಗುರಬಾಯಿ ತಡೆಯಲಿಲ್ಲ. ಕೋಣೆಯ ಬಾಗಿಲಿನ ಪರದೆಯ ಹಿಂದೆ ಸುಗಲಾ ನಿಂತದ್ದು ಅವಳ ಕಾಲ್ಬೆರಳುಗಳಿಂದ ತಿಳಿಯುತ್ತಿತ್ತು.

ಕೂಸನ್ನು ದೀಪದ ಬಳಿ ಹಿಡಿದು ಮೊದಲ ಸಲ ಅದರ ಮುಖ ನೋಡಿದೆ. ನೀರು ಬೆರೆಸಿದ ಹಾಲಿನ ಮೇಲೆ ಏಳು ದಿನ ಇದ್ದ ಕೂಸು ಸೊರಗಿರಬೇಕು ಎಂದುಕೊಂಡಿದ್ದೆ. ಇದು ಹಾಗಿರಲಿಲ್ಲ. ತುಂಬಿದ ಕೆನ್ನೆ, ಒದ್ದೆ ಅರಿವೆ, ನನ್ನ ಬೆರಳು ತಾಕಿದ ಕಡೆಗೆ ಬಾಯಿ ತಿರುಗಿಸುವ ಚುರುಕು. ಎತ್ತಿದ್ದಕ್ಕೆ ಸಿಟ್ಟು ಬಂದು ಒಳ್ಳೆಯ ಅಳು ಅತ್ತಿತು. ನನಗೆ ಅರ್ಥವಾಗಲಿಲ್ಲ. ಆಕಳ ಹಾಲೇ ಒಗ್ಗಿದೆ ಎಂದು ಗುರಬಾಯಿ ಈಗ ಅಂದರೆ ನನ್ನ ಬಾಯಿ ಕಟ್ಟುತ್ತದೆ. ಆದರೆ ಆಕೆ ಅನ್ನಲಿಲ್ಲ. ನನ್ನನ್ನೇ ನೋಡುತ್ತ ನಿಂತಿದ್ದಳು. ಆ ಕಣ್ಣಿನಲ್ಲಿ ಹಟ ಇರಲಿಲ್ಲ, ಏನನ್ನೋ ಕಾಯುತ್ತಿದ್ದಳು.

ಆಗ ನಾನು ಹೇಳಿದೆ. ಇಡೀ ನೌಕರಿಯಲ್ಲಿ ಅಷ್ಟು ಕಷ್ಟದ ಮಾತು ಇನ್ನೊಂದು ಆಡಿಲ್ಲ.

"ಅವ್ವಾ, ಆ ದಿನಾ ನಾ ಕೂಸಿನ ಮಾರಿ ನೋಡದಽ ಹೇಳೀನಿ. ಗದ್ದಲ ಇತ್ತು, ಬಾಯಿಗಿ ಬಂದದ್ದು ಅಂದೀನಿ. ಹಸರ ಹೇಲು ರೋಗ ಅಲ್ಲ. ನಿಮ್ಮ ಸೊಸಿ ಹಾಲಿಗಿ ಏನೂ ಆಗಿಲ್ಲ, ಎಂದೂ ಆಗಿದ್ದಿಲ್ಲ. ಮೊದಲಿನ ಕೂಸು ಹಾಲಿನಿಂದ ಹೋಗಿಲ್ಲ. ತಪ್ಪು ನಂದು."

"ನಾಳಿ ಕೂಸಿಗಿ ಏನರೆ ಆದ್ರ?" ಎಂದಳು ಗುರಬಾಯಿ. ದನಿ ಸಣ್ಣದಾಗಿತ್ತು.

"ನನ್ನ ಮ್ಯಾಲ ಹಾಕ್ರಿ. ದಿನಾ ಬಂದು ಮಾರಿ ನೋಡಿ ಹೋಗ್ತೀನಿ. ಏನರೆ ಆದ್ರ ನಿಮ್ಮ ಮ್ಯಾಲ ಇಲ್ಲ, ಆಕಿ ಮ್ಯಾಲ ಇಲ್ಲ."

"ಈ ಮಾತು ನಾಕು ಮಂದಿ ಮುಂದ ಅಂತೀರಿ? ನಾ ನಾಕು ಮಂದಿ ಮುಂದ ಅಂದೀನಿ."

ಅನ್ನುತ್ತೇನೆ ಎಂದೆ. ಆಕೆ ಪಕ್ಕದ ಮನೆಯ ಇಬ್ಬರು ಹಿರಿಯರನ್ನು, ಅವರ ಹೆಂಡಂದಿರನ್ನು ಕರೆಸಿದಳು. ಅವರ ಮುಂದೆ ನಾನು ಮತ್ತೆ ಒಂದೊಂದೇ ಮಾತು ಬಿಡಿಸಿ ಹೇಳಿದೆ. ಸರಕಾರಿ ಮನುಷ್ಯ ತಪ್ಪಾಯಿತು ಎನ್ನುವುದನ್ನು ಅವರು ಅದುವರೆಗೆ ಕೇಳಿರಲಿಲ್ಲವೋ ಏನೋ, ಒಬ್ಬ ಮುದುಕ ಎರಡು ಸಲ "ಯಾನ್ ಅಂದ?" ಎಂದು ಕೇಳಿ ಖಾತ್ರಿ ಮಾಡಿಕೊಂಡ. ನನ್ನ ಕಿವಿ ಕೆಂಪಾದವು. ಆದರೆ ಮಾತು ಮುಗಿದ ಮೇಲೆ ಎದೆಯ ಮೇಲಿನ ಭಾರ ಇಳಿಯಿತು. ಆ ವಿಷಯದಲ್ಲಿ ಸುಳ್ಳು ಹೇಳಲಾರೆ.

ಗುರಬಾಯಿ ಕೂಸನ್ನು ನನ್ನ ಕೈಯಿಂದ ತೆಗೆದುಕೊಂಡಳು. ಪರದೆಯ ಕಡೆಗೆ ತಿರುಗಿದಳು.

"ಸುಗಲಾ, ಬಾ, ಕುಡಸು. ಇನ್ ಮ್ಯಾಲ ನಾ ಪೂಜಿಗಿ ಕುಂದ್ರೂದು ಕಾಯಬ್ಯಾಡ."

ಪರದೆಯ ಹಿಂದಿನ ಬಳೆಗಳ ಸಪ್ಪಳ ಗಕ್ಕನೆ ನಿಂತಿತು. ನಮಗ್ಯಾರಿಗೂ ಏನೂ ತಿಳಿಯಲಿಲ್ಲ.

"ಮೊದಲ ದಿನಽ ಗೊತ್ತಾಗ್ಯಾದ ನನಗ" ಎಂದಳು ಗುರಬಾಯಿ. "ನಾ ಪೂಜಿಗಿ ಕುಂತ್ರ ಏಳಂಗಿಲ್ಲಂತ ನೀ ಆಗ ಬಿಗದ ಬಟ್ಟಿ ಬಿಚ್ಚಿ ಕೂಸಿಗಿ ಎದಿಗಿ ಹಚಿಗೊಂಡಿ. ಕಣ್ಣು ಲಿಂಗದ ಮ್ಯಾಲ ಇದ್ದವು, ಕಿವಿ ಕ್ವಾಣ್ಯಾಗ ಇದ್ದವು ತಂಗಿ. ಕೂಸು ಗುಟುಕ್ ಗುಟುಕ್ ಅಂತ ಕುಡೀಲತ್ತಿತ್ತು. 'ಬ್ಯಾಡಾ' ಅನ್ಲಾಕ ಅಂಜಿಕಿ, 'ಕುಡಸು' ಅನ್ಲಾಕೂ ಅಂಜಿಕಿ. ಅದು ಹೊಟ್ಟಿ ತುಂಬಿ ಬಿಡೂತನಾ ನಾ ಏಳ್ಳಿಲ್ಲ. ಏಳು ದಿನದಾಗ ಒಂದು ದಿನಾನೂ ಏಳ್ಳಿಲ್ಲ."

ಪರದೆ ಸರಿಯಿತು. ಸುಗಲಾ ಹೊರಗೆ ಬಂದಳು. ಹಿರಿಯರು ಇದ್ದಾರೆ, ಪರಗಂಡಸು ಇದ್ದಾನೆ ಎಂಬುದು ಅವಳ ನೆನಪಿಗೇ ಇರಲಿಲ್ಲ. ಅಳುತ್ತ ಬಂದು ಅತ್ತೆಯ ಮಗ್ಗುಲಿಗೆ ನೆಲಕ್ಕೆ ಕೂತಳು. ಗುರಬಾಯಿ ಕೂಸನ್ನು ಅವಳ ತೊಡೆಯ ಮೇಲಿಟ್ಟು ತನ್ನ ಸೆರಗನ್ನೇ ಎಳೆದು ಇಬ್ಬರಿಗೂ ಮರೆ ಮಾಡಿದಳು. ಗಂಡಸರೆಲ್ಲ ಗೋಡೆಯ ಕಡೆಗೆ ತಿರುಗಿ ನಿಂತೆವು. ಕೂಸು ಕುಡಿಯುವ ಸಪ್ಪಳ ನಮ್ಮೆಲ್ಲರಿಗೂ ಕೇಳಿಸಿತು.